ದಲ್ಲಾಳಿಯ ನಾಲಗೆ ಯಾರದು?

ವಾಣಿಜ್ಯದಲ್ಲಿ ಮಧ್ಯವರ್ತಿಯ ಸ್ಥಾನವು ಅತಿ ಪ್ರಾಚೀನವಾದುದು. ಕೊಳ್ಳುವವನಿಗೂ ಮಾರುವವನಿಗೂ ಪರಸ್ಪರ ಪರಿಚಯವಿಲ್ಲದಿರುವಾಗ ಇಬ್ಬರನ್ನೂ ಬಲ್ಲ ಮೂರನೆಯವನೊಬ್ಬನು ನಡುವೆ ನಿಂತು ವ್ಯವಹಾರವನ್ನು ಕುದುರಿಸುತ್ತಾನೆ. ನಮ್ಮ ಕಲಬುರಗಿಯ ಗಂಜಿನಲ್ಲಿ ತೊಗರಿಗೆ ಅಡತಿಯವರಿದ್ದಾರೆ. ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಮಳಿಗೆ ಬೇಕೆಂದರೂ, ಕಮಲಾಪುರದ ಕಡೆ ಜಮೀನು ಬೇಕೆಂದರೂ ದಲ್ಲಾಳಿಯಿಲ್ಲದೆ ಕೆಲಸ ಸಾಗುವುದು ವಿರಳ. ಪರದೇಶಗಳಲ್ಲಿ ಕೋಟಿಗಟ್ಟಲೆ ಬೆಲೆಯ ವಿಹಾರನೌಕೆ ಕೊಳ್ಳುವ ಶ್ರೀಮಂತರೂ ದಲ್ಲಾಳಿಯನ್ನೇ ಆಶ್ರಯಿಸುತ್ತಾರೆ. ಆದುದರಿಂದ ದಲ್ಲಾಳಿ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ನಮ್ಮ ಪರವಾಗಿ ಅವನು ಆಡುವ ಮಾತು ಯಾರ ಮಾತು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಒಂದು ಉದಾಹರಣೆಯನ್ನು ಭಾವಿಸೋಣ. ಶ್ರಾವಕನೊಬ್ಬನು ವೃದ್ಧೆಯೊಬ್ಬಳ ಮಳಿಗೆಯನ್ನು ಕೊಳ್ಳಬಯಸುತ್ತಾನೆ. ಅವನು ನೇರವಾಗಿ ಒಂದೂ ಸುಳ್ಳು ಹೇಳುವುದಿಲ್ಲ. ದಲ್ಲಾಳಿಯು ಆಕೆಯ ಬಳಿಗೆ ಹೋಗಿ, 'ಈ ರಸ್ತೆಯಲ್ಲಿ ಇನ್ನು ವ್ಯಾಪಾರವಿಲ್ಲ, ಬೇರೆ ಗಿರಾಕಿ ಸಿಗುವುದಿಲ್ಲ' ಎಂದು ಹೆದರಿಸಿ ಬೆಲೆಯನ್ನು ಇಳಿಸುತ್ತಾನೆ. ಶ್ರಾವಕನಿಗೆ ಇದು ತಿಳಿದಿದೆ, ಆದರೂ ಸುಮ್ಮನಿದ್ದಾನೆ. 'ನಾನೇನೂ ಹೇಳಲಿಲ್ಲವಲ್ಲ' ಎಂಬುದು ಅವನ ಸಮಾಧಾನ.

ಈ ಸಮಾಧಾನವು ನಿಲ್ಲತಕ್ಕದ್ದಲ್ಲ. ನಮ್ಮ ಶಾಸ್ತ್ರವು ಕರ್ಮವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಎಣಿಸುತ್ತದೆ. ತಾನು ಮಾಡಿದುದು, ಮಾಡಿಸಿದುದು, ಮಾಡಿದವನನ್ನು ಒಪ್ಪಿದುದು ಈ ಮೂರೂ ಆತ್ಮಕ್ಕೆ ಅಂಟುತ್ತವೆ. ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ನಿರೂಪಿಸುವಾಗ, ಸ್ಥೂಲವಾದ ಸುಳ್ಳನ್ನು ತಾನು ಆಡದಿರುವುದರ ಜೊತೆಗೆ ಪರರಿಂದ ಆಡಿಸದಿರುವುದನ್ನೂ ಸೇರಿಸಿದ್ದಾರೆ. ಕೂಲಿ ಕೊಟ್ಟು ಆಡಿಸಿದ ಸುಳ್ಳು ಕೂಲಿ ಕೊಟ್ಟವನ ಸುಳ್ಳೇ ಹೌದು.

ಕುತೂಹಲದ ಸಂಗತಿಯೆಂದರೆ ಲೌಕಿಕ ಕಾನೂನೂ ಇದನ್ನೇ ಹೇಳುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ 238ನೆಯ ಕಲಮಿನಂತೆ, ಪ್ರತಿನಿಧಿಯು ತನ್ನ ಕೆಲಸದ ಮಿತಿಯೊಳಗೆ ಮಾಡಿದ ವಂಚನೆಯು ಆ ಕರಾರಿನ ಮಟ್ಟಿಗೆ ಧಣಿಯೇ ಮಾಡಿದಂತೆ ಪರಿಣಮಿಸುತ್ತದೆ.

ಹಾಗಾದರೆ ವ್ಯಾಪಾರದಲ್ಲಿ ಗುಟ್ಟೇ ಇರಕೂಡದೆ ಎಂದು ಕೇಳಬಹುದು. ಇಲ್ಲಿ ವಿವೇಕ ಬೇಕು. ನಾನು ಗರಿಷ್ಠ ಎಷ್ಟು ಕೊಡಬಲ್ಲೆ ಎಂಬುದು ನನ್ನ ಗುಟ್ಟು; ಅದನ್ನು ಮುಚ್ಚಿಡುವುದು ಅಸತ್ಯವಲ್ಲ. ದಲ್ಲಾಳಿಯು ಅದನ್ನು ಎದುರು ಪಕ್ಷಕ್ಕೆ ತಿಳಿಸಿದರೆ ಅದು ಸಾಕಾರಮಂತ್ರಭೇದವೆಂಬ ಅತಿಚಾರ. ವರ್ಷಗಟ್ಟಲೆ ಪೇಟೆಯನ್ನು ನೋಡಿ ಗಳಿಸಿದ ಅನುಭವವೂ ವ್ಯಾಪಾರಿಯ ಸಂಪಾದನೆಯೇ. ಆದರೆ ಇಲ್ಲದ ಭಯವನ್ನು ಹುಟ್ಟಿಸುವುದು, ಇಲ್ಲದ ಗಿರಾಕಿಯನ್ನು ಇದ್ದಾನೆನ್ನುವುದು, ಕಚೇರಿಯೊಳಗಿನ ಪಿಸುಮಾತನ್ನು ಕೊಂಡು ಅರಿಯದವರ ಆಸ್ತಿಯನ್ನು ಅಗ್ಗದಲ್ಲಿ ಪಡೆಯುವುದು ಸಂಪಾದನೆಯಲ್ಲ, ಅಪಹರಣ.

ಎರಡನೆಯ ತೊಡಕು ಪ್ರತಿಫಲದ್ದು. ಕಮಿಷನ್ ಬೆಲೆಯ ಮೇಲೆ ಶೇಕಡಾವಾರು ಇರುವಾಗ, ಕೊಳ್ಳುವವನಿಗೆ ಸಲಹೆ ಕೊಡುವ ದಲ್ಲಾಳಿಗೆ ಬೆಲೆ ಏರಿದಷ್ಟೂ ಲಾಭ. ಅವನು ಸಜ್ಜನನೇ ಆಗಿದ್ದರೂ ಅವನ ಹಿತವೂ ನಮ್ಮ ಹಿತವೂ ಎದುರುಬದುರಾಗುತ್ತವೆ. ಗುಟ್ಟಾಗಿ ಎರಡೂ ಕಡೆಯಿಂದ ಪಡೆದರಂತೂ ಅವನು ಯಾರ ಮನುಷ್ಯನೆಂಬುದೇ ತಿಳಿಯದು. ಹಿಂದೆ ದೇಶದ ಅನೇಕ ಪೇಟೆಗಳಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ನಿಗದಿ ಮಾಡುವ ರೂಢಿಯಿತ್ತು. ರೈತನಿಗೆ ತನ್ನ ಮಾಲಿನ ಬೆಲೆ ಹೇಗೆ ನಿರ್ಧಾರವಾಯಿತೆಂಬುದೇ ಕಾಣುತ್ತಿರಲಿಲ್ಲ. ನಿಯಂತ್ರಿತ ಮಾರುಕಟ್ಟೆಯ ಬಹಿರಂಗ ಹರಾಜು, ಟೆಂಡರುಗಳು ಆ ಬಟ್ಟೆಯನ್ನು ಸರಿಸಲೆಂದೇ ಬಂದವು. 2016ರ ರಿಯಲ್ ಎಸ್ಟೇಟ್ ಅಧಿನಿಯಮವು ನೋಂದಾಯಿತ ಯೋಜನೆಗಳ ನಿವೇಶನ, ಮನೆಗಳನ್ನು ಮಾರಿಸುವ ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿತು. ಆದರೆ ಹಳೆಯ ಮಳಿಗೆಯೊಂದರ ಮರುಮಾರಾಟದಲ್ಲಿ ಆ ಕಟ್ಟು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಬಟ್ಟೆಯನ್ನು ಸರಿಸಬೇಕಾದವರು ನಾವೇ.

ಮೂರನೆಯದು, ದಸ್ತಾವೇಜಿನಲ್ಲಿ ಬೆಲೆ ಕಡಿಮೆ ತೋರಿಸುವ ಸಲಹೆ. 'ಎಲ್ಲರೂ ಮಾಡುತ್ತಾರೆ' ಎಂದು ದಲ್ಲಾಳಿ ಹೇಳುತ್ತಾನೆ. ಇದು ಕೂಟಲೇಖಕ್ರಿಯೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್ 1ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಆಡಿದವನು ದಲ್ಲಾಳಿ, ಆದರೆ ರುಜು ನಮ್ಮದು.

ಬಸದಿಯ ಟ್ರಸ್ಟುಗಳಿಗೆ ಈ ಎಚ್ಚರವು ಇಮ್ಮಡಿಯಾಗಿ ಬೇಕು. ಅವರ ಕೈಯಲ್ಲಿರುವುದು ಸ್ವಂತ ಹಣವಲ್ಲ, ಸಮಾಜವು ಇಟ್ಟ ನ್ಯಾಸ. ಸಂಸ್ಥೆಗೆ ಜಾಗ ಕೊಳ್ಳುವಾಗ ದಲ್ಲಾಳಿಯ ಪ್ರತಿಫಲವನ್ನು ಮೊದಲೇ ನಿಶ್ಚಿತ ಮೊತ್ತವಾಗಿ ಬರೆದಿಡಬೇಕು. ಅವನು ಎದುರು ಪಕ್ಷದಿಂದ ಪಡೆಯುವುದೇನಾದರೂ ಇದ್ದರೆ ಬಹಿರಂಗಪಡಿಸುವಂತೆ ಕೇಳಬೇಕು. ಟ್ರಸ್ಟಿಯ ನೆಂಟನೇ ದಲ್ಲಾಳಿಯಾಗಿದ್ದರೆ ಸಭೆಗೆ ತಿಳಿಸಿ ನಡಾವಳಿಯಲ್ಲಿ ದಾಖಲಿಸಬೇಕು. ಧರ್ಮಕಾರ್ಯಕ್ಕಾಗಿ ಕೊಳ್ಳುತ್ತಿದ್ದೇವೆಂಬ ಕಾರಣವು ಮಾರುವವನಿಗೆ ಮೋಸ ಮಾಡಲು ಅನುಮತಿಯಲ್ಲ.

ದಲ್ಲಾಳಿಯು ನಮ್ಮ ಶ್ರಮವನ್ನು ಹೊರಬಲ್ಲನು, ಅದಕ್ಕೆ ತಕ್ಕ ಕೂಲಿಗೆ ಅವನು ಅರ್ಹನು. ನಮ್ಮ ವ್ರತವನ್ನು ಅವನ ಹೆಗಲಿಗೆ ದಾಟಿಸಲು ಬರುವುದಿಲ್ಲ. ಆದುದರಿಂದ ಅವನನ್ನು ಕಳುಹಿಸುವ ಮುನ್ನ ಬೆಲೆಯ ಮಿತಿಯನ್ನು ಹೇಳುವಂತೆಯೇ ಮಾತಿನ ಮಿತಿಯನ್ನೂ ಹೇಳಿ ಕಳುಹಿಸೋಣ. ವ್ಯವಹಾರ ಕೈತಪ್ಪಿದರೆ ಒಂದು ಮಳಿಗೆ ಹೋದೀತು, ಅಷ್ಟೇ.