ಕೋಣದ ಓಟ, ಕೋಳಿಯ ಗೂಡು

ಪ್ರಾಣಿಯೊಂದನ್ನು ಹೊಡೆದು, ಒದ್ದು, ಶಕ್ತಿ ಮೀರಿ ದುಡಿಸಿದವನು ಮೊದಲ ಸಲ ಸಿಕ್ಕಿಬಿದ್ದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಅವನಿಗೆ ಹಾಕುವ ದಂಡ 10 ರೂಪಾಯಿಗೆ ಕಡಿಮೆ ಇಲ್ಲ, 50 ರೂಪಾಯಿಗೆ ಹೆಚ್ಚಿಲ್ಲ. ಕಾಯ್ದೆ ಬರೆದ ದಿನ ಅದು ದೊಡ್ಡ ಮೊತ್ತವೇ ಆಗಿದ್ದೀತು. ಆದರೆ ಇದೇ ಕಾಯ್ದೆಯ ಸುತ್ತ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕೂತಿದೆ, ಎರಡು ರಾಜ್ಯಗಳಲ್ಲಿ ಸುಗ್ರೀವಾಜ್ಞೆಗಳು ಹೊರಟಿವೆ, ಚೆನ್ನೈನ ಮರೀನಾ ಕಡಲತೀರದಲ್ಲಿ ಲಕ್ಷಾಂತರ ಜನ ಸೇರಿದ್ದಾರೆ, ಮೂಡುಬಿದಿರೆಯಲ್ಲಿ ಕೋಣಗಳನ್ನೇ ಮುಂದಿಟ್ಟುಕೊಂಡು ಜನ ಬೀದಿಗಿಳಿದಿದ್ದಾರೆ. ಜಗಳ ಇಷ್ಟು ದೊಡ್ಡದಾದರೂ ದಂಡದ ಅಂಕಿ ಮಾತ್ರ ಇದ್ದಲ್ಲೇ ಇದೆ. ಹೋರಾಟ ನಿಜವಾಗಿ ಪ್ರಾಣಿಯ ಮೇಲೇ ನಡೆಯಿತೇ ಎಂಬ ಸಂಶಯ ಹುಟ್ಟುವುದು ಇಲ್ಲಿಂದ.

ಈ ಕಾಯ್ದೆಯ ಮೂಲಕ್ಕೆ ಹೋದರೆ ಅಲ್ಲಿ ಸಿಗುವುದು ಒಬ್ಬ ನೃತ್ಯಗಾತಿ. ಚೆನ್ನೈನ ಕಲಾಕ್ಷೇತ್ರವನ್ನು ಕಟ್ಟಿ ಭರತನಾಟ್ಯಕ್ಕೆ ಹೊಸ ಮರ್ಯಾದೆ ತಂದುಕೊಟ್ಟ ರುಕ್ಮಿಣಿ ದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಪ್ರಾಣಿಹಿಂಸೆಯ ವಿರುದ್ಧ ಅವರು ಖಾಸಗಿ ಮಸೂದೆ ಮಂಡಿಸಿದಾಗ, ಸರ್ಕಾರವೇ ಸಮಗ್ರ ಕಾನೂನು ತರುತ್ತದೆಂದು ನೆಹರೂ ಭರವಸೆ ಕೊಟ್ಟರು. ಆ ಭರವಸೆ 1960ರಲ್ಲಿ ಕಾಯ್ದೆಯಾಯಿತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಪರಂಪರೆಯ ಪರ ಇರುವವರು ಪ್ರಾಣಿಪರರಲ್ಲ, ಪ್ರಾಣಿಪರರೆಲ್ಲ ಪರಂಪರೆಯ ವೈರಿಗಳು ಎಂದು ಟಿವಿ ಚರ್ಚೆಗಳಲ್ಲಿ ಗಂಟಲು ಹರಿದುಕೊಳ್ಳುವವರು ಈ ಒಬ್ಬ ಹೆಣ್ಣುಮಗಳನ್ನು ಯಾವ ಸಾಲಿನಲ್ಲಿ ಕೂರಿಸುತ್ತಾರೆ?

ಕಾಯ್ದೆ ಹುಟ್ಟುವಾಗಲೇ ರಾಜಿಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಿತ್ತು. ಧರ್ಮ ವಿಧಿಸಿದ ರೀತಿಯಲ್ಲಿ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ ಎಂದು ಅದರ 28ನೇ ಕಲಂ ಹೇಳುತ್ತದೆ. ಆಹಾರಕ್ಕಾಗಿ ಕೊಲ್ಲುವುದಕ್ಕೂ ವಿನಾಯಿತಿ ಉಂಟು, ಅನಗತ್ಯ ನೋವು ಕೊಡಬಾರದು ಅಷ್ಟೆ. ಎಷ್ಟು ನೋವು ಅಗತ್ಯ, ಎಷ್ಟು ಅನಗತ್ಯ ಎಂದು ತೀರ್ಮಾನಿಸುವ ಹೊಣೆ ಮಾತ್ರ ಮುಂದಿನ ತಲೆಮಾರಿನ ನ್ಯಾಯಾಧೀಶರ ಹೆಗಲಿಗೆ ಬಿತ್ತು.

2014ರ ಮೇ 7ರಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಪಿನಾಕಿ ಚಂದ್ರ ಘೋಷ್ ಅವರ ಸುಪ್ರೀಂ ಕೋರ್ಟ್ ಪೀಠ ಹೋರಿ ಹಿಡಿಯುವ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿತು. ಪ್ರಾಣಿಗೂ ಘನತೆಯಿಂದ ಬದುಕುವ ಹಕ್ಕಿದೆ, ಹಸಿವು, ಭಯ, ನೋವುಗಳಿಂದ ಬಿಡುಗಡೆ ಅದಕ್ಕೂ ಸಲ್ಲಬೇಕು, ಸಂವಿಧಾನದ 21ನೇ ವಿಧಿಯ ನೆರಳು ಅದರ ಮೇಲೂ ಬೀಳುತ್ತದೆ ಎಂಬುದು ಆ ತೀರ್ಪಿನ ಧಾಟಿ. ಒಂಬತ್ತು ವರ್ಷಗಳ ಬಳಿಕ, 2023ರ ಮೇ 18ರಂದು, ಐವರು ನ್ಯಾಯಮೂರ್ತಿಗಳ ಪೀಠ ಬೇರೆಯೇ ಮಾತು ಹೇಳಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕು ಕೊಟ್ಟ ಪೂರ್ವನಿದರ್ಶನ ತನಗೆ ಕಾಣುವುದಿಲ್ಲ ಎಂದಿತು. ಒಂದು ಆಚರಣೆ ನಾಡಿನ ಸಂಸ್ಕೃತಿಯ ಭಾಗ ಹೌದೋ ಅಲ್ಲವೋ ಎನ್ನುವುದನ್ನು ಶಾಸನಸಭೆಗೆ ಬಿಟ್ಟು, ಇಂಥ ಆಟಗಳಿಗೆ ದಾರಿ ಮಾಡಿಕೊಟ್ಟ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಈ ಎರಡು ತೀರ್ಪುಗಳ ನಡುವೆ ನಡೆದದ್ದು ರಾಜಕೀಯ. 2016ರ ನವೆಂಬರಿನಲ್ಲಿ ಪ್ರಾಣಿಹಕ್ಕು ಸಂಸ್ಥೆ ಪೆಟಾದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಕೆಸರುಗದ್ದೆಯ ಕೋಣದ ಓಟವಾದ ಕಂಬಳಕ್ಕೆ ತಡೆಯೊಡ್ಡಿತು. 2017ರ ಜನವರಿಯಲ್ಲಿ ಜಲ್ಲಿಕಟ್ಟಿನ ಪರ ಮರೀನಾ ಕುದಿಯಿತು. ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಸಭೆ ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದವಿಲ್ಲದೆ ಕಂಬಳದ ಪರ ತಿದ್ದುಪಡಿ ಮಸೂದೆಗೆ ಕೈಯೆತ್ತಿತು. ಗೋಹತ್ಯೆ ಎಂದೊಡನೆ ಎರಡಾಗಿ ಸೀಳುವ, ಶಾಲೆಯ ಮೊಟ್ಟೆ ಎಂದರೆ ಮೂರಾಗುವ ಸದನ ಕೋಣದ ವಿಷಯದಲ್ಲಿ ಒಂದಾಯಿತು. ಮತ ತರುವ ಪ್ರಾಣಿ, ಮತ ಕಳೆಯುವ ಪ್ರಾಣಿ, ಲೆಕ್ಕಕ್ಕೇ ಬಾರದ ಪ್ರಾಣಿ ಎಂಬ ಮೂರು ಜಾತಿಗಳನ್ನು ನಮ್ಮ ರಾಜಕೀಯ ತಾನೇ ಸೃಷ್ಟಿಸಿಕೊಂಡಿದೆ.

ಕಂಬಳವನ್ನು ಹತ್ತಿರದಿಂದ ನೋಡದೆ ಅದರ ಬಗ್ಗೆ ತೀರ್ಪು ಕೊಡುವುದು ಅನ್ಯಾಯ. ನವೆಂಬರಿನಿಂದ ಮಾರ್ಚ್‌ವರೆಗೆ ದಕ್ಷಿಣ ಕನ್ನಡ, ಉಡುಪಿಯ ಊರೂರುಗಳಲ್ಲಿ ಕೆಸರಿನ ಕರೆ ಸಿದ್ಧವಾಗುತ್ತದೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು. ಕನೆಹಲಗೆಯಲ್ಲಿ ವೇಗಕ್ಕಿಂತ ನೀರು ಚಿಮ್ಮುವ ಎತ್ತರ ಮುಖ್ಯ. ಮೇಲೆ ಕಟ್ಟಿದ ಆರೂವರೆ ಕೋಲಿನ, ಏಳೂವರೆ ಕೋಲಿನ ನಿಶಾನೆಗೆ ನೀರು ತಾಗಿತೇ ಎಂದು ಸಾವಿರ ಕಣ್ಣು ನೆಟ್ಟಿರುತ್ತವೆ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಸಾಕಿದ ಕೋಣಗಳು ಅವು. ಅಭಿಮಾನಿಗಳಿಗೆ ಒಂದೊಂದರ ಹೆಸರೂ, ಪದಕಗಳ ಲೆಕ್ಕವೂ ಬಾಯಿಪಾಠ. ಇಷ್ಟು ಪ್ರೀತಿಯಿಂದ ಸಾಕುವವನನ್ನು ಕಟುಕ ಎಂದು ಕರೆದರೆ ಅವನಿಗೆ ಸಿಟ್ಟು ಬರುವುದು ಸಹಜ. ಆದರೆ ಆ ಪ್ರೀತಿಯ ಜೊತೆಗೇ ಬೆತ್ತವೂ ಇದೆ, ಮೂಗುದಾರವೂ ಇದೆ. ಓಟ ಮುಗಿಸಿ ಕರೆಯ ಕೊನೆಯ ಮಂಜೊಟ್ಟಿ ಏರಿ ನಿಂತ ಕೋಣದ ಬಾಯಲ್ಲಿ ನೊರೆ ಕಂಡವರಿಗೆ, ಬೆನ್ನಲ್ಲಿ ಬಾಸುಂಡೆ ಕಂಡವರಿಗೆ ಅದು ಖುಷಿಯಿಂದಲೇ ಓಡುತ್ತದೆ ಎಂಬ ಮಾತನ್ನು ಸುಲಭವಾಗಿ ಒಪ್ಪಲಾಗದು.

ಮಾಧ್ಯಮಗಳು ನೋಡಿದ್ದು ಮತ್ತೊಂದನ್ನು. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟ್‌ನ ದಾಖಲೆ 9.58. ಕೆಲ ದಿನ ದೇಶದ ಪತ್ರಿಕೆ, ಚಾನೆಲ್‌ಗಳಲ್ಲೆಲ್ಲ ಅದೇ ಸುದ್ದಿ. ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಗೌಡರಿಗೆ ಆಯ್ಕೆ ಪರೀಕ್ಷೆಯ ಅವಕಾಶ ಕೊಡಿಸಲು ಮುಂದಾದರು. ಆ ವೇಗದ ಬಹುಪಾಲು ಶ್ರೇಯ ಹಗ್ಗದ ಇನ್ನೊಂದು ತುದಿಯಲ್ಲಿದ್ದ ಎರಡು ಕೋಣಗಳದ್ದು. ಅವನ್ನು ಅಷ್ಟು ವೇಗಕ್ಕೆ ತಂದದ್ದು ಯಾವುದು ಎಂಬ ಪ್ರಶ್ನೆ ಸುದ್ದಿಯಾಗಲಿಲ್ಲ. ಅದಕ್ಕೂ ಮೂರು ವರ್ಷ ಮೊದಲು ಕಂಬಳವನ್ನು ಕ್ರೌರ್ಯದ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿ ಚರ್ಚೆ ನಡೆಸಿದ್ದ ಚಾನೆಲ್‌ಗಳೇ ಆಗ ಹಾರ ಹಿಡಿದು ನಿಂತವು.

ಸಂಪ್ರದಾಯವನ್ನು ಮುಟ್ಟಬೇಡಿ, ಒಂದು ಎಳೆ ಕಿತ್ತರೆ ಇಡೀ ನೇಯ್ಗೆ ಬಿಚ್ಚುತ್ತದೆ ಎನ್ನುವವರು ಉತ್ತರಿಸಬೇಕಾದ ಸಂಗತಿಯೊಂದಿದೆ. ಕರ್ನಾಟಕದಲ್ಲಿ 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಬಂತು. ಕರಾವಳಿಯ ಕೊರಗ ಸಮುದಾಯದವರನ್ನು ಮನುಷ್ಯರಿಗಿಂತ ಕೀಳಾಗಿ ಕಾಣುವ ಆಚರಣೆಗಳನ್ನು ಅದು ಒಂದೊಂದಾಗಿ ಹೆಸರಿಸುತ್ತದೆ. ಅವುಗಳಲ್ಲಿ ಒಂದು: ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳ ಹಾಗೆ ಓಡಿಸುವುದು. ಕೋಣ ಇಳಿಯುವ ಕೆಸರಿಗೆ ಮೊದಲು ಮನುಷ್ಯನನ್ನು ಇಳಿಸುತ್ತಿದ್ದ ಕಾಲವದು. ಅದೂ ಪರಂಪರೆಯೇ ಆಗಿತ್ತು, ಅದಕ್ಕೂ ದೈವದ, ದೇವರ ಹೆಸರಿತ್ತು. ಕಾನೂನು ಅದನ್ನು ಅಪರಾಧ ಎಂದು ಸಾರಿತು. ಕಂಬಳವೇನೂ ನಾಶವಾಗಲಿಲ್ಲ, 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದವರೆಗೂ ಬಂತು. ಕೊರಗನ ಓಟವನ್ನು ಕಳಚಿಟ್ಟು ಬದುಕಬಲ್ಲ ಕಂಬಳ ಬೆತ್ತದ ಏಟನ್ನು ಕಳಚಿಟ್ಟೂ ಬದುಕಬಲ್ಲದು.

ಇದೇ ಸಂಗತಿ ಪ್ರಾಣಿಪರ ಹೋರಾಟಗಾರರಿಗೂ ಒಂದು ಎಚ್ಚರಿಕೆ. ಪೆಟಾ 2003ರಲ್ಲಿ ನಾಜಿ ಶಿಬಿರಗಳ ಯಹೂದಿ ಕೈದಿಗಳ ಚಿತ್ರಗಳನ್ನು ಕೋಳಿ, ಹಂದಿ ಫಾರಂಗಳ ಚಿತ್ರಗಳ ಪಕ್ಕದಲ್ಲಿ ಅಂಟಿಸಿ ಪ್ರಚಾರಕ್ಕಿಳಿದಿತ್ತು. ಜರ್ಮನಿಯ ನ್ಯಾಯಾಲಯಗಳು ಅದನ್ನು ತಡೆದವು. 2012ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಆ ತಡೆಯನ್ನು ಒಪ್ಪಿತು. ನೋವು ಯಾರದ್ದಾದರೂ ನೋವೇ ಎಂಬ ಆ ಹೋಲಿಕೆಯ ಹಿಂದಿನ ತರ್ಕ ಪುಸ್ತಕದಲ್ಲಿ ನಿಲ್ಲುತ್ತದೆ. ತತ್ವಜ್ಞಾನಿ ಪೀಟರ್ ಸಿಂಗರ್ 1975ರ ‘ಅನಿಮಲ್ ಲಿಬರೇಷನ್’ನಲ್ಲಿ ಕಟ್ಟಿದ ವಾದದ ಬುನಾದಿಯೂ ಅದೇ. ಆದರೆ ಪ್ರಾಣಿಗಳಂತೆ ಗಾಡಿಗೆ ತುಂಬಿಸಿಕೊಂಡವರ ಮಕ್ಕಳಿಗೆ, ಕೋಣದಂತೆ ಓಡಿಸಿಕೊಂಡವರ ಮೊಮ್ಮಕ್ಕಳಿಗೆ, ನೀವೂ ಪ್ರಾಣಿಯೂ ಸಮಾನ ಎಂಬ ಮಾತು ಎಂಥ ಇರಿತವಾಗಿ ಕೇಳಿಸುತ್ತದೆ ಎನ್ನುವುದನ್ನು ತಿಳಿಯದ ಕರುಣೆ ಅರ್ಧ ಕರುಣೆ. ಪ್ರಾಣಿಯನ್ನು ಮೇಲೆತ್ತುವ ಕೆಲಸಕ್ಕೆ ಒಮ್ಮೆ ಕೆಳಗೆ ತಳ್ಳಿಸಿಕೊಂಡ ಮನುಷ್ಯನನ್ನು ಮೆಟ್ಟಿಲಾಗಿ ಬಳಸುವುದು ಯಾವ ನೀತಿಗೂ ಒಪ್ಪದು.

ಪ್ರಾಣಿಯ ನೋವಿನ ಪ್ರಶ್ನೆ ಪಶ್ಚಿಮದಿಂದ ಬಂದ ಆಮದು ಸರಕು ಎನ್ನುವವರು ಜನ್ನನನ್ನು ಮರೆತಿದ್ದಾರೆ. ಹೊಯ್ಸಳ ಆಸ್ಥಾನದ ಈ ಜೈನ ಕವಿ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಕೆಟ್ಟ ಕನಸಿನ ಶಾಂತಿಗೆ ಬಲಿ ಕೊಡು ಎಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ; ಜೀವ ತೆಗೆಯಲು ಮನಸ್ಸಿಲ್ಲದ ರಾಜ ಯಶೋಧರ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ರಕ್ತ ಹರಿಯದ ಆ ಬಲಿಗಾಗಿ ತಾಯಿಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಳಿ ಎಂದು ಜನ್ಮಜನ್ಮಾಂತರ ತೊಳಲುತ್ತಾರೆ. ಕತ್ತಿ ಎತ್ತಿದ ಸಂಕಲ್ಪವೇ ಹಿಂಸೆ ಎಂದು ಜನ್ನ ಹೇಳುತ್ತಾನೆ. ಅದೇ ಶತಮಾನದಲ್ಲಿ, ಇದೇ ಕಂಬಳದ ಕರಾವಳಿಯಲ್ಲಿ, ಮಧ್ವಾಚಾರ್ಯರು ಯಜ್ಞಕ್ಕೆ ಜೀವಂತ ಪಶುವಿನ ಬದಲು ಹಿಟ್ಟಿನ ಪಶು ಸಾಕೆಂದರು. ಮಾಧ್ವರಲ್ಲಿ ಪಿಷ್ಟಪಶುವಿನ ಪದ್ಧತಿ ಅವರಿಂದ ನೆಲೆಯಾಯಿತು. ಒಬ್ಬರಿಗೆ ಹಿಟ್ಟಿನ ಪ್ರಾಣಿ ಪಾಪದ ಬೀಜ, ಇನ್ನೊಬ್ಬರಿಗೆ ಪಾಪದಿಂದ ಬಿಡುಗಡೆ. ಇಷ್ಟು ಸೂಕ್ಷ್ಮವಾದ ವಾಗ್ವಾದವನ್ನು ಈ ನೆಲ ಎಂಟುನೂರು ವರ್ಷಗಳ ಹಿಂದೆಯೇ ನಡೆಸಿದೆ. ಗಿರೀಶ ಕಾರ್ನಾಡರು ಅದೇ ಕಥೆಯನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿದರು. 2023ರಲ್ಲಿ ಕೇರಳದ ತ್ರಿಶೂರ್ ಜಿಲ್ಲೆಯ ಇರಿಂಜಾಡಪಿಳ್ಳಿ ಶ್ರೀಕೃಷ್ಣ ದೇವಸ್ಥಾನಕ್ಕೆ ಪೆಟಾ ಯಂತ್ರದ ಆನೆ ಕೊಟ್ಟಾಗ ಮಧ್ವರ ದಾರಿಯೇ ಹೊಸ ರೂಪದಲ್ಲಿ ತೆರೆದುಕೊಂಡಿತು. ಜೀವಂತ ಆನೆಯ ಕಾಲಿನ ಸರಪಳಿ ತಪ್ಪಿಸುವ ಆ ದಾರಿಯನ್ನು ದೇವಸ್ಥಾನವೇ ಒಪ್ಪಿಕೊಂಡಿತು ಎನ್ನುವುದು ದೊಡ್ಡ ಮಾತು.

ಜನ್ನನ ಕಾಲಕ್ಕೆ ತೊಡಕಾಗಿ ಕಂಡದ್ದು ನೋವಿಲ್ಲದ ಸಂಕಲ್ಪ. ಈ ಕಾಲದ ತೊಡಕು ಅದಕ್ಕೆ ತಲೆಕೆಳಗು: ಸಂಕಲ್ಪವಿಲ್ಲದ ನೋವು. ಅದರ ಸರಿಯಾದ ನಿದರ್ಶನ ಮೊಟ್ಟೆ ಕೋಳಿಯ ಗೂಡು. ಸಾಲುಸಾಲಾಗಿ, ಅಂತಸ್ತು ಅಂತಸ್ತಾಗಿ ನಿಂತ ತಂತಿಯ ಪಂಜರಗಳು. ಒಂದು ಕೋಳಿಯ ಪಾಲಿಗೆ ಬರುವ ಜಾಗ ಎ4 ಅಳತೆಯ ಹಾಳೆಗಿಂತ ಕಡಿಮೆ. ಮೊಟ್ಟೆ ತಾನೇ ಉರುಳಿ ಮುಂದೆ ಬರಲೆಂದು ತಳವನ್ನು ಇಳಿಜಾರಾಗಿ ಕಟ್ಟಿರುತ್ತಾರೆ. ಹಾಗಾಗಿ ಗೂಡಿನಲ್ಲಿರುವಷ್ಟು ಕಾಲ ಕೋಳಿ ಸಪಾಟಾದ ನೆಲದ ಮೇಲೆ ನಿಲ್ಲುವುದೇ ಇಲ್ಲ. ರೆಕ್ಕೆ ಬಿಚ್ಚಲಾಗದು, ಮಣ್ಣು ಕೆದರಲಾಗದು, ಕಾವು ಕೂರುವ ಮೂಲೆ ಇಲ್ಲ. ಒಂದನ್ನೊಂದು ಕುಕ್ಕದಿರಲೆಂದು ಮರಿಯಿದ್ದಾಗಲೇ ಕೊಕ್ಕಿನ ತುದಿ ಕತ್ತರಿಸಿರುತ್ತಾರೆ. ಫಾರಂ ಮಾಲೀಕನಿಗೆ ಕೋಳಿಯ ಮೇಲೆ ದ್ವೇಷವಿಲ್ಲ, ಅವನು ಸಾಲದ ಕಂತು ಕಟ್ಟುವ ರೈತ. ಅಂಗಡಿಯವನಿಗೆ ದ್ವೇಷವಿಲ್ಲ, ಆಮ್ಲೆಟ್ ತಿನ್ನುವವನಿಗೂ ಇಲ್ಲ. ಯಾರೂ ಕತ್ತಿ ಎತ್ತಿಲ್ಲ, ಆದರೂ ನೋವು ಹಗಲಿರುಳು ನಡೆಯುತ್ತಿದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿ ಸಂಪತ್ತು 85 ಕೋಟಿ ದಾಟಿತ್ತು. ಕಂಬಳದ ಕರೆಗೆ ಇಳಿಯುವ ಕೋಣಗಳು ಅದರ ಮುಂದೆ ಬೆರಳೆಣಿಕೆಯಷ್ಟು.

ಕೇಂದ್ರ ಕಾನೂನು ಆಯೋಗ ಸುಮ್ಮನಿರಲಿಲ್ಲ. ಕಂಬಳದ ಗದ್ದಲ ನಡೆದ 2017ರಲ್ಲೇ ಅದು ಮೊಟ್ಟೆ ಕೋಳಿ, ಮಾಂಸದ ಕೋಳಿಗಳ ಸಾಕಣೆ ಮತ್ತು ಸಾಗಣೆಯ ಬಗ್ಗೆ ತನ್ನ 269ನೇ ವರದಿ ಕೊಟ್ಟಿತು. ಯುರೋಪಿನ ಒಕ್ಕೂಟ ಬರಿಯ ತಂತಿಗೂಡುಗಳನ್ನು 2012ರ ಜನವರಿಯಿಂದಲೇ ನಿಷೇಧಿಸಿದೆ. ಆಯೋಗದ ವರದಿಗಾಗಿ ಯಾವ ಕಡಲತೀರದಲ್ಲೂ ಜನ ಸೇರಲಿಲ್ಲ, ಯಾವ ಚಾನೆಲ್ಲೂ ರಾತ್ರಿ ಒಂಬತ್ತರ ಚರ್ಚೆ ಇಡಲಿಲ್ಲ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲಾ ಮಕ್ಕಳಿಗೆ ಸರ್ಕಾರ ಮೊಟ್ಟೆ ಕೊಡಲು ಹೊರಟಾಗ ಮಠಾಧೀಶರು ಪ್ರತಿಭಟಿಸಿದರು, ಪೌಷ್ಟಿಕತೆಯ ಪರ ನಿಂತವರು ತಿರುಗಿ ಪ್ರಶ್ನಿಸಿದರು. ಬಡಮಕ್ಕಳ ತಟ್ಟೆಯ ಮೊಟ್ಟೆಯನ್ನು ಕಸಿಯುವುದು ಅಹಿಂಸೆಯಲ್ಲ. ಆದರೆ ತಿಂಗಳುಗಟ್ಟಲೆ ನಡೆದ ಆ ವಾದದಲ್ಲಿ ಮಡಿಯ ಮಾತು ಬಂತು, ಪ್ರೊಟೀನಿನ ಮಾತು ಬಂತು, ಜಾತಿಯ ಮಾತು ಬಂತು. ಮೊಟ್ಟೆ ಇಡುವ ಕೋಳಿ ಎಲ್ಲಿ ನಿಂತಿದೆ ಎಂಬ ಮಾತು ಬರಲೇ ಇಲ್ಲ ಎನ್ನಬೇಕು. ಅಹಿಂಸೆಯನ್ನು ಮುಂದಿಟ್ಟವರೇ ಅದನ್ನು ಕೇಳಬೇಕಿತ್ತು.

ಕಂಬಳ ನಡೆಯಲಿ. ಆದರೆ 2017ರ ತಿದ್ದುಪಡಿ ಕಂಬಳಕ್ಕೆ ಅನುಮತಿ ಕೊಟ್ಟದ್ದು ಅನಗತ್ಯ ನೋವು ಕೊಡಬಾರದೆಂಬ ಷರತ್ತಿನ ಮೇಲೆ. ಆ ಷರತ್ತನ್ನು ಕಾಯುವ ಮೊದಲ ಹೊಣೆ ಸಂಘಟಕರದ್ದು; ಪೆಟಾದ ಕ್ಯಾಮೆರಾ ಬಂದಾಗ ಮಾತ್ರ ಬೆತ್ತ ಬಚ್ಚಿಡುವುದರಿಂದ ಅದು ತೀರುವುದಿಲ್ಲ. ಇನ್ನು ಕೋಳಿಯ ಮಾತು. ಪ್ರಾಣಿಹಿಂಸೆ ತಡೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಆ ಅಧಿಕಾರದ ಬಲದಿಂದಲೇ ಕರ್ನಾಟಕ ಕೇಂದ್ರದ ಕಾಯ್ದೆಯನ್ನು ಕಂಬಳಕ್ಕಾಗಿ ತಿದ್ದಿತು. ಅದೇ ಅಧಿಕಾರದಿಂದ ಕೋಳಿಗೂಡಿನ ಅಳತೆ ನಿಗದಿ ಮಾಡಬಹುದು, ಗೂಡು ಬದಲಿಸುವ ರೈತನಿಗೆ ಸಾಲ, ಸಹಾಯಧನ ಕೊಡಬಹುದು, ದಂಡದ ಮೊತ್ತವನ್ನೂ ಏರಿಸಬಹುದು. ಒಂದೇ ದನಿಯಲ್ಲಿ ಕೈಯೆತ್ತಿದ ಸದನಕ್ಕೆ ಇದು ಅಸಾಧ್ಯವೇನಲ್ಲ. ಓದುಗರು ತಮ್ಮ ಕ್ಷೇತ್ರದ ಶಾಸಕರಿಗೆ ಒಂದು ಪತ್ರ ಬರೆದು, ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತುವಿರಾ ಎಂದು ಕೇಳಲಿ.