ವೈದ್ಯನ ಪ್ರಶ್ನೆಯೂ ಯೋಧನ ಮೌನವೂ

ರೋಗಿಯು ವೈದ್ಯನಿಗೆ ತನ್ನ ದೇಹವನ್ನು ಒಪ್ಪಿಸುವಂತೆಯೇ ತನ್ನ ಮನೆಯ ಗುಟ್ಟನ್ನೂ ಒಪ್ಪಿಸುತ್ತಾನೆ. ಆದುದರಿಂದಲೇ ಆ ಗುಟ್ಟನ್ನು ಕಾಯಬೇಕೆಂಬ ಕಟ್ಟಳೆಯು ವೈದ್ಯವೃತ್ತಿಯೊಡನೆ ಬಹು ಪುರಾತನ ಕಾಲದಿಂದ ಬೆಳೆದುಬಂದಿದೆ. ಗ್ರೀಸಿನ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪ್ರತಿಜ್ಞೆಯಲ್ಲಿ ಇದುಂಟು. ರೋಗಿಯ ಮನೆಯೊಳಗಿನ ಸಂಗತಿಗಳನ್ನು ಹೊರಗೆ ಆಡಕೂಡದೆಂದು ಚರಕಸಂಹಿತೆಯೂ ವಿಧಿಸುತ್ತದೆ. ಕಟ್ಟಳೆಯು ನೋಡುವುದಕ್ಕೆ ಸರಳವಾಗಿದೆ. ಆದರೆ ವೈದ್ಯನಿಗೆ ಸಂಬಳ ಕೊಡುವ ಯಜಮಾನನೂ, ರೋಗಿಯ ಕೈಯಿಂದ ಒಂದು ಹಕ್ಕನ್ನು ಕಿತ್ತುಕೊಳ್ಳಬಲ್ಲ ಪ್ರಭುವೂ ಒಬ್ಬನೇ ಆದಾಗ ಅದೆಷ್ಟು ತೊಡಕಾಗುವುದೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಿವೃತ್ತ ಸೈನಿಕರ ಚಿಕಿತ್ಸೆಯ ವಿಷಯವು ತಕ್ಕ ನಿದರ್ಶನವಾಗಿದೆ.

ಆ ದೇಶದಲ್ಲಿ ಸೈನ್ಯದಿಂದ ಬಿಡುಗಡೆ ಹೊಂದಿದವರ ಆರೈಕೆಗಾಗಿ ಕೇಂದ್ರ ಸರ್ಕಾರದ ಒಂದು ಪ್ರತ್ಯೇಕ ಇಲಾಖೆಯುಂಟು. ಸುಮಾರು 170 ದೊಡ್ಡ ಆಸ್ಪತ್ರೆಗಳನ್ನೂ ಅನೇಕ ಚಿಕ್ಕ ಚಿಕಿತ್ಸಾಲಯಗಳನ್ನೂ ಅದು ನಡೆಸುತ್ತದೆ. ಸುಮಾರು 90 ಲಕ್ಷ ಮಂದಿ ಅದರಲ್ಲಿ ಹೆಸರು ದಾಖಲು ಮಾಡಿಸಿದ್ದಾರೆ. ಆ ಇಲಾಖೆಯೇ ಪ್ರಕಟಿಸಿದ ವರದಿಯಂತೆ, 2022ನೆಯ ವರ್ಷವೊಂದರಲ್ಲಿಯೇ 6,400ಕ್ಕೂ ಮಿಕ್ಕ ನಿವೃತ್ತ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು. ದಿನವೊಂದಕ್ಕೆ ಸರಾಸರಿ ಹದಿನೇಳಕ್ಕೆ ಕಡಮೆಯಿಲ್ಲ. ಇವರ ಪೈಕಿ ಸುಮಾರು ಮುಕ್ಕಾಲು ಪಾಲಿನವರು ಬಂದೂಕಿನಿಂದಲೇ ಮಡಿದರು. ಶತ್ರುವಿನ ಗುಂಡಿಗೆ ಸಿಕ್ಕದೆ ಬದುಕಿ ಬಂದವನು ತನ್ನ ಗುಂಡಿಗೆ ತಾನೇ ಬಲಿಯಾಗುವ ಈ ದುರಂತವನ್ನು ನೋಡಿದ ವೈದ್ಯನು ರೋಗಿಯನ್ನು, “ಮನೆಯಲ್ಲಿ ಬಂದೂಕು ಉಂಟೆ? ಅದನ್ನು ಎಲ್ಲಿ, ಹೇಗೆ ಇಟ್ಟಿದ್ದೀರಿ?” ಎಂದು ಕೇಳುವುದು ಸಹಜವೇ ಆಗಿದೆ.

ಈ ಪ್ರಶ್ನೆಯು ಬರಿಯ ಕುತೂಹಲದಿಂದ ಹುಟ್ಟಿದುದಲ್ಲ. ಸಾಯಬೇಕೆಂಬ ಬಯಕೆಯು ಅನೇಕರಲ್ಲಿ ಬಿರುಗಾಳಿಯಂತೆ ಎದ್ದು ಬಿರುಗಾಳಿಯಂತೆಯೇ ಅಡಗುವುದು. ಆ ಹೊತ್ತಿನಲ್ಲಿ ಔಷಧವನ್ನು ಅತಿಯಾಗಿ ನುಂಗಿದವರಲ್ಲಿ ಬಹುಪಾಲು ಜನರು ಬದುಕಿ ಉಳಿಯುತ್ತಾರೆ. ಬಂದೂಕನ್ನು ಹಿಡಿದವರಲ್ಲಿಯಾದರೋ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ. ಒಮ್ಮೆ ಪ್ರಯತ್ನಿಸಿ ಬದುಕಿದವರಲ್ಲಿ ಬಹುಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದೂ ಇಲ್ಲ. ಇಸ್ರೇಲಿನ ಸೈನ್ಯವು 2006ರಲ್ಲಿ ಒಂದು ಮಾರ್ಪಾಡನ್ನು ಮಾಡಿತು: ವಾರಾಂತ್ಯದ ರಜೆಯಲ್ಲಿ ಮನೆಗೆ ಹೋಗುವ ಸೈನಿಕರು ಆಯುಧವನ್ನು ಶಿಬಿರದಲ್ಲಿಯೇ ಬಿಟ್ಟುಹೋಗುವಂತೆ ಏರ್ಪಡಿಸಿತು. ಅನಂತರ ಆ ಸೈನಿಕರಲ್ಲಿ ಆತ್ಮಹತ್ಯೆಯು ನೂರಕ್ಕೆ ಸುಮಾರು ನಲವತ್ತರಷ್ಟು ಇಳಿಯಿತು. ಅವರ ದುಃಖವನ್ನು ಯಾರೂ ತೊಡೆದಿರಲಿಲ್ಲ. ದುಃಖಕ್ಕೂ ಆಯುಧಕ್ಕೂ ನಡುವೆ ಸ್ವಲ್ಪ ದೂರವನ್ನು ಇಟ್ಟರು, ಅಷ್ಟೆ. ಹೀಗಿರುವಲ್ಲಿ ಆ ದೂರದ ಮಾತನ್ನೆತ್ತದ ವೈದ್ಯನು ತನ್ನ ಕರ್ತವ್ಯದಲ್ಲಿ ಲೋಪ ಮಾಡಿದವನೇ ಆಗುವನು.

ಆದರೂ ಯೋಧನು ಮೌನವಾಗುತ್ತಾನೆ. ಈ ಮೌನವನ್ನು ಬರಿಯ ಹಟವೆಂದು ಜರೆಯುವುದು ಸುಲಭ, ನ್ಯಾಯವಲ್ಲ. ಬಂದೂಕನ್ನಿಡುವ ಹಕ್ಕು ಅಲ್ಲಿ 1791ರಿಂದ ರಾಜ್ಯಾಂಗದಲ್ಲಿಯೇ ಬರೆದಿಟ್ಟ ಹಕ್ಕು. ಸೈನಿಕನಾದವನಿಗಂತೂ ಆಯುಧವೆಂಬುದು ಆತ್ಮಗೌರವದ ಅಂಗ. ಅದನ್ನು ಆತನ ಕೈಗೆ ಕೊಟ್ಟು ಕಲಿಸಿದುದು ಸರ್ಕಾರವೇ. ಮೇಲಾಗಿ ಆತನ ಅಂಜಿಕೆಯು ಬುಡವಿಲ್ಲದ್ದಲ್ಲ. ನ್ಯಾಯಾಧಿಕಾರವುಳ್ಳವರಿಂದ ಬುದ್ಧಿವಿಕಲರೆಂದು ನಿರ್ಣಯಿಸಲ್ಪಟ್ಟವರು ಬಂದೂಕನ್ನು ಇಟ್ಟುಕೊಳ್ಳಕೂಡದೆಂದು 1968ರ ಶಾಸನವು ನಿಷೇಧಿಸಿತು. ಬಂದೂಕನ್ನು ಕೊಳ್ಳುವವರನ್ನು ಪರೀಕ್ಷಿಸಲು 1993ರ ಶಾಸನದಂತೆ ಏರ್ಪಟ್ಟ ಕೇಂದ್ರದ ಪಟ್ಟಿಯು 1998ರಲ್ಲಿ ಬಳಕೆಗೆ ಬಂದಿತು. ತನ್ನ ಪಿಂಚಣಿಯ ಲೆಕ್ಕವನ್ನು ತಾನೇ ನೋಡಿಕೊಳ್ಳಲಾರನೆಂದು ಯಾವ ನಿವೃತ್ತ ಸೈನಿಕನಿಗೆ ಇಲಾಖೆಯು ಬೇರೊಬ್ಬ ಪಾಲಕನನ್ನು ನೇಮಿಸಿತೋ, ಅಂಥವನ ಹೆಸರನ್ನು ಇಲಾಖೆಯು ಈ ಪಟ್ಟಿಗೆ ಕಳುಹಿಸುತ್ತ ಬಂದಿತು. ಹಾಗೆ ಹೋದ ಹೆಸರುಗಳು ಒಂದು ಲಕ್ಷಕ್ಕೂ ಮೀರಿದ್ದುವು. ಹಣದ ಲೆಕ್ಕವನ್ನರಿಯದವನು ಅಪಾಯಕಾರಿಯೆಂದು ಯಾವ ನ್ಯಾಯಾಧೀಶನೂ ವಿಚಾರಿಸಿ ತೀರ್ಮಾನಿಸಿರಲಿಲ್ಲ. ಗುಮಾಸ್ತನ ಲೇಖನಿಯೇ ತೀರ್ಪಾಯಿತು. 2024ರ ಮಾರ್ಚಿಯಲ್ಲಿ ಅಲ್ಲಿಯ ಶಾಸನಸಭೆಯು ಆ ವರ್ಷದ ವೆಚ್ಚದ ಕಾಯಿದೆಯ ಮೂಲಕ, ನ್ಯಾಯಾಧಿಕಾರಿಯ ಆಜ್ಞೆಯಿಲ್ಲದೆ ಹೀಗೆ ಹೆಸರುಗಳನ್ನು ಕಳುಹಿಸುವುದಕ್ಕೆ ಹಣವನ್ನು ವ್ಯಯಮಾಡಕೂಡದೆಂದು ತಡೆಯೊಡ್ಡಿತು.

ಇಲ್ಲಿ ಒಂದು ವಿವೇಚನೆಯು ಅವಶ್ಯಕ. ಆ ಪಟ್ಟಿಗೆ ಹೆಸರುಗಳು ಹೋದುದು ಪಾಲಕನನ್ನು ನೇಮಿಸಿದ ಕಾರಣದಿಂದಲೇ ಹೊರತು, ಮನೆಯಲ್ಲಿ ಬಂದೂಕುಂಟೆಂದು ವೈದ್ಯನಿಗೆ ಹೇಳಿದುದರಿಂದಲ್ಲ. ನಿದ್ರೆ ಬಾರದೆಂದೋ ಮನಸ್ಸು ಕುಗ್ಗಿದೆಯೆಂದೋ ಚಿಕಿತ್ಸೆಯನ್ನು ಬೇಡಿದುದರಿಂದಲೂ ಅಲ್ಲ. ಆದರೆ ಭಯಕ್ಕೆ ಈ ಸೂಕ್ಷ್ಮಗಳು ತಿಳಿಯವು. ಒಂದೇ ಇಲಾಖೆಯ ಒಂದು ಕೈ ನಾಡಿಯನ್ನು ಹಿಡಿದಿರುವಾಗ ಮತ್ತೊಂದು ಕೈ ಪಟ್ಟಿಯನ್ನು ಬರೆಯುತ್ತಿದ್ದುದನ್ನು ಕಂಡವನು, ಎರಡು ಕೈಗಳೂ ಒಂದೇ ದೇಹದವೆಂದು ತಿಳಿದುಕೊಂಡರೆ ಅದನ್ನು ಮೌಢ್ಯವೆನ್ನಲಾಗದು.

ಈ ತೊಡಕನ್ನು ಬಿಡಿಸಲು ಎರಡು ಸುಲಭವಾದ ಹಾದಿಗಳನ್ನು ಜನರು ತೋರಿಸುವುದುಂಟು. ವೈದ್ಯನು ಬಂದೂಕಿನ ಮಾತನ್ನೇ ಎತ್ತದಿರಲಿ ಎಂಬುದೊಂದು. ಫ್ಲಾರಿಡಾ ಸಂಸ್ಥಾನವು 2011ರಲ್ಲಿ ಇದೇ ಅಭಿಪ್ರಾಯದಿಂದ, ಎಲ್ಲ ವೈದ್ಯರಿಗೂ ಅನ್ವಯಿಸುವಂತೆ, ಅಂಥ ಪ್ರಶ್ನೆಗಳನ್ನು ನಿರ್ಬಂಧಿಸುವ ಶಾಸನವನ್ನು ಮಾಡಿತು. 2017ರಲ್ಲಿ ಮೇಲ್ಮನವಿಯ ನ್ಯಾಯಾಲಯವು, ಆ ನಿರ್ಬಂಧವು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಅದನ್ನು ತಳ್ಳಿಹಾಕಿ, ಬಂದೂಕುಳ್ಳವನೆಂಬ ಕಾರಣದಿಂದ ರೋಗಿಗೆ ಭೇದವೆಣಿಸಬಾರದೆಂಬ ಭಾಗವನ್ನು ಉಳಿಸಿತು. ಬೆಂಕಿಯ ಭಯವಿರುವ ಮನೆಯಲ್ಲಿ ಬೆಂಕಿಯ ಹೆಸರನ್ನೇ ಎತ್ತಬಾರದೆಂದರೆ ಮನೆ ಉಳಿಯುವುದೆ? ಎಲ್ಲವನ್ನೂ ಕೇಳಿ, ಬರೆದು, ಪೊಲೀಸರಿಗೆ ಒಪ್ಪಿಸಿಬಿಡಲಿ ಎಂಬುದು ಇನ್ನೊಂದು ಹಾದಿ. ಇದು ಮೊದಲಿನದಕ್ಕಿಂತಲೂ ಕೆಟ್ಟದು. ಏಕೆಂದರೆ ಹಾಗೆ ಮಾಡಿದ ಮರುದಿನದಿಂದ ನಿಜವನ್ನು ಹೇಳುವ ರೋಗಿಯೇ ಇರುವುದಿಲ್ಲ. ಆತ್ಮಹತ್ಯೆ ಮಾಡಿಕೊಂಡ ನಿವೃತ್ತ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕೆ ಸಮೀಪದ ಕಾಲದಲ್ಲಿ ಇಲಾಖೆಯ ಚಿಕಿತ್ಸೆಯಲ್ಲಿ ಇರಲೇ ಇಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ದೂರ ನಿಂತವರನ್ನು ಇನ್ನಷ್ಟು ದೂರ ಅಟ್ಟುವ ಕಾವಲು ಯಾರನ್ನು ತಾನೆ ಕಾದೀತು?

ಈ ಎರಡು ಪಕ್ಷಗಳೂ ಒಂದೇ ತಪ್ಪನ್ನು ಮಾಡುತ್ತವೆ. ಪ್ರಶ್ನೆ ಬೇರೆ, ದಾಖಲೆ ಬೇರೆ ಎಂಬುದನ್ನು ಅವು ಮರೆತಿವೆ. ಪ್ರಶ್ನೆಯು ಇಬ್ಬರು ಮನುಷ್ಯರ ನಡುವಿನ ಮಾತು. ಕೇಳುವವನ ಕನಿಕರವನ್ನೂ ಹೇಳುವವನ ನಂಬಿಕೆಯನ್ನೂ ಅವಲಂಬಿಸಿ ಅದು ಬದುಕುತ್ತದೆ. ದಾಖಲೆಯಾದರೋ ಹೇಳಿದವನನ್ನೂ ಕೇಳಿದವನನ್ನೂ ಬಿಟ್ಟು ತಾನೇ ಸಂಚರಿಸಬಲ್ಲದು. ಬರೆದ ದಿನದ ಉದ್ದೇಶವು ಓದುವ ದಿನಕ್ಕೆ ಉಳಿಯುವುದೆಂಬ ಭರವಸೆಯಿಲ್ಲ. ಕೇಂದ್ರ ಸರ್ಕಾರವು ಬಂದೂಕುಗಳ ಒಡೆಯರ ಪಟ್ಟಿಯನ್ನು ರಚಿಸಕೂಡದೆಂದು 1986ರ ಶಾಸನವು ಹೇಳುತ್ತಿರುವಲ್ಲಿ, ಮುಂಬಾಗಿಲಿನಿಂದ ಬರಲಾಗದ ಪಟ್ಟಿಯು ಆಸ್ಪತ್ರೆಯ ಹಿತ್ತಿಲ ಬಾಗಿಲಿನಿಂದ ಬಾರದಂತೆ ನೋಡಿಕೊಳ್ಳುವುದು ಸರ್ಕಾರದ ಧರ್ಮ. ವೈದ್ಯನು ಬೇಕಾದುದನ್ನು ಕೇಳಲಿ. ಆದರೆ ಕೇಳುವ ಮುನ್ನ, ಉತ್ತರವು ಎಲ್ಲಿಗೆ ಹೋಗುವುದು, ಎಲ್ಲಿಗೆ ಹೋಗದು ಎಂಬುದನ್ನು ರೋಗಿಗೆ ತಿಳಿಸಲಿ. ಎಷ್ಟು ಬಂದೂಕು, ಯಾವ ಬಗೆಯದು ಎಂಬ ಎಣಿಕೆಯು ಚಿಕಿತ್ಸೆಗೆ ಬೇಕಾದುದಲ್ಲ. ಬೀಗವುಂಟೆ, ಕಷ್ಟದ ದಿನಗಳಲ್ಲಿ ಅದನ್ನು ನಂಬಿಕೆಯ ಗೆಳೆಯನ ವಶದಲ್ಲಿಡಬಹುದೆ ಎಂಬುದೇ ಬೇಕಾದುದು. ಇಲಾಖೆಯು ಬಂದೂಕಿಗೆ ಹಾಕುವ ಬೀಗಗಳನ್ನು ಬೆಲೆಯಿಲ್ಲದೆ ಹಂಚುತ್ತ ಬಂದಿದೆ. ಸಣ್ಣ ಬೀಗವೇ ಆದರೂ ಅದನ್ನು ತನ್ನ ಕೈಯಿಂದ ತಾನೇ ಹಾಕಿಕೊಂಡವನು ತನ್ನ ಹಕ್ಕನ್ನು ಕಳೆದುಕೊಂಡವನಲ್ಲ, ತನ್ನನ್ನು ತಾನು ಆಳಿಕೊಂಡವನು.

ಇನ್ನು ಅಪಾಯವು ಹೊಸ್ತಿಲಿಗೇ ಬಂದಿರುವ ಸಂದರ್ಭ ಉಳಿಯಿತು. ಇಂದೇ ಸಾಯುವೆನೆಂದೋ ಕೊಲ್ಲುವೆನೆಂದೋ ಹೊರಟವನ ಗುಟ್ಟನ್ನು ಕಾಯುವುದು ಧರ್ಮವಲ್ಲ. ಕ್ಯಾಲಿಫೋರ್ನಿಯಾದ ಪರಮೋಚ್ಚ ನ್ಯಾಯಾಲಯವು 1976ರಲ್ಲಿ, ರೋಗಿಯಿಂದ ಮತ್ತೊಬ್ಬರ ಪ್ರಾಣಕ್ಕೆ ಕುತ್ತು ಬರುವುದೆಂದು ಕಂಡಾಗ ಆ ಮತ್ತೊಬ್ಬರನ್ನು ಕಾಪಾಡುವ ಹೊಣೆಯು ಮನೋವೈದ್ಯನಿಗೆ ಉಂಟೆಂದು ತೀರ್ಮಾನಿಸಿತು. 2024ರ ವೇಳೆಗೆ ಇಪ್ಪತ್ತಕ್ಕೂ ಹೆಚ್ಚು ಸಂಸ್ಥಾನಗಳಲ್ಲಿ, ನ್ಯಾಯಾಧೀಶನು ಅಂಥವನ ಬಂದೂಕನ್ನು ಕೆಲವು ಕಾಲದ ಮಟ್ಟಿಗೆ ತೆಗೆದಿಡಿಸಲು ಶಾಸನಗಳಿದ್ದುವು. ಇಂಥ ಸಮಯದಲ್ಲಿಯೂ ವೈದ್ಯನು ಗುಟ್ಟನ್ನು ಬೆನ್ನ ಹಿಂದೆ ಒಡೆಯದೆ, ಸಾಧ್ಯವಾದ ಮಟ್ಟಿಗೆ ಆತನ ಮುಂದೆಯೇ ಹೇಳಿ, ಅವಶ್ಯವಾದಷ್ಟನ್ನೇ ಹೇಳಿ, ತೀರ್ಪನ್ನು ನ್ಯಾಯಾಧೀಶನಿಗೆ ಬಿಡಬೇಕು. ಗುಣವಾದವನಿಗೆ ತನ್ನ ವಸ್ತುವನ್ನು ಮರಳಿ ಪಡೆಯುವ ಹಾದಿಯೂ ತೆರೆದಿರಬೇಕು. ಮರಳುವ ಹಾದಿಯಿಲ್ಲದ ರಕ್ಷಣೆಯನ್ನು ಜನರು ಶಿಕ್ಷೆಯೆಂದೇ ಎಣಿಸುವರು.

ಗುಟ್ಟನ್ನು ಕಾಯುವುದೂ ಪ್ರಾಣವನ್ನು ಕಾಯುವುದೂ ತಕ್ಕಡಿಯ ಎರಡು ತಟ್ಟೆಗಳೆಂದೂ, ಒಂದು ಏರಿದರೆ ಇನ್ನೊಂದು ಇಳಿಯುವುದೆಂದೂ ಸಾಮಾನ್ಯವಾಗಿ ವಾದಿಸಲಾಗುತ್ತಿದೆ. ನಿವೃತ್ತ ಯೋಧನ ವಿಷಯವು ಈ ವಾದವನ್ನು ಸುಳ್ಳು ಮಾಡುತ್ತದೆ. ಹೇಳಿದರೆ ಕಳೆದುಕೊಳ್ಳುವೆನೆಂಬ ಅಂಜಿಕೆಯಿಂದ ಆತನು ಬಂದೂಕನ್ನು ಬಚ್ಚಿಡುವಾಗ, ಅದರೊಡನೆ ತನ್ನ ದುಃಖವನ್ನೂ ಬಚ್ಚಿಡುತ್ತಾನೆ; ಬಚ್ಚಿಟ್ಟ ದುಃಖಕ್ಕೆ ಮದ್ದಿಲ್ಲ. ದೇಶಕ್ಕಾಗಿ ಪ್ರಾಣವನ್ನು ಒಡ್ಡಿದವನು ಆ ದೇಶದ ವೈದ್ಯನೆದುರಿಗೆ ಕುಳಿತು ಒಂದು ನಿಜವನ್ನು ನುಡಿಯಲು ಹೆದರುವನಾದರೆ, ತಿದ್ದಿಕೊಳ್ಳಬೇಕಾದವನು ಆತನಲ್ಲ. ನಂಬಿಕೆಗೆ ಯೋಗ್ಯವಾಗುವ ಭಾರವು ಯಾವಾಗಲೂ ಬಲಿಷ್ಠನ ಮೇಲೆಯೇ ಇರತಕ್ಕದ್ದು.