ಸೆನ್ಸರಿನ ಮೌನ ಮತ್ತು ಅನುಪಲಬ್ಧಿ

ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ನಿಸ್ತಂತು ಜಾಲಗಳಲ್ಲಿ ಸೆನ್ಸರುಗಳು ಬಹುಪಾಲು ಹೊತ್ತು ಸುಮ್ಮನಿರುತ್ತವೆ. ಬಾಗಿಲು ತೆರೆದಾಗ, ನೀರು ಸೋರಿದಾಗ, ತಾಪಮಾನ ಬದಲಾದಾಗ ಮಾತ್ರ ಒಂದು ಸಣ್ಣ ಸಂದೇಶ ಹೊರಡುತ್ತದೆ. ಸಂದೇಶ ಬಾರದಿದ್ದರೆ ಏನೂ ಆಗಿಲ್ಲ ಎಂದು ವ್ಯವಸ್ಥೆ ತಿಳಿಯುತ್ತದೆ. ಈ ತಿಳಿವಳಿಕೆಗೆ ಆಧಾರವೇನು? ಇಲ್ಲದಿರುವುದನ್ನು ಅರಿಯುವ ಬಗೆ ಯಾವುದು ಎಂದು ಭಾರತೀಯ ದರ್ಶನಗಳು ಶತಮಾನಗಳ ಕಾಲ ನಡೆಸಿದ ವಾದ ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ.

ಮೌನಕ್ಕೆ ಕಾರಣ ಬ್ಯಾಟರಿ. ಜಿಗ್‌ಬೀ, ಥ್ರೆಡ್ ಮುಂತಾದ ಜಾಲಗಳಿಗೆ ತಳಹದಿಯಾದ ಐಇಇಇ 802.15.4 ಮಾನಕ ಮೊದಲು ಪ್ರಕಟವಾದದ್ದು 2003ರಲ್ಲಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅದರ ವೇಗ ಸೆಕೆಂಡಿಗೆ 250 ಕಿಲೋಬಿಟ್. ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ 127 ಬೈಟ್. ಅಷ್ಟನ್ನು ಕಳಿಸಲು ಸುಮಾರು 4 ಮಿಲಿಸೆಕೆಂಡ್ ಸಾಕು. ಈ ಮಾನಕದ ಆರಂಭದ ರೇಡಿಯೊ ಚಿಪ್ಪುಗಳು ಎಚ್ಚರವಾಗಿದ್ದಾಗ ಸುಮಾರು 20 ಮಿಲಿಆಂಪ್ ಎಳೆಯುತ್ತಿದ್ದವು. ಮಾತಾಡಲು ಎಷ್ಟು ಬೇಕೋ ಕಿವಿಗೊಟ್ಟು ಕಾಯಲೂ ಹೆಚ್ಚುಕಡಿಮೆ ಅಷ್ಟೇ ಬೇಕು. ನಿದ್ರೆಯಲ್ಲಿ ಮಾತ್ರ ಬಳಕೆ ಒಂದು ಮೈಕ್ರೊಆಂಪ್‌ನ ಆಸುಪಾಸಿಗೆ ಇಳಿಯುತ್ತದೆ. ನಾಣ್ಯದ ಗಾತ್ರದ ಸಿಆರ್2032 ಬ್ಯಾಟರಿಯ ಸಾಮರ್ಥ್ಯ ಸುಮಾರು 220 ಮಿಲಿಆಂಪ್-ಗಂಟೆ. ರೇಡಿಯೊ ಸದಾ ಎಚ್ಚರವಿದ್ದರೆ ಅದು 11 ಗಂಟೆಯಲ್ಲಿ ಮುಗಿಯುತ್ತದೆ. ಸದಾ ನಿದ್ರಿಸಿದರೆ, ಲೆಕ್ಕದ ಮಟ್ಟಿಗೆ, 25 ವರ್ಷ ಬರುತ್ತದೆ. ಆದ್ದರಿಂದ ಮೌನ ಇಂಥ ಜಾಲದ ದೋಷವಲ್ಲ, ಅದರ ಬದುಕಿನ ಕ್ರಮ.

ಆದರೆ ಮೌನಗಳೆಲ್ಲ ಒಂದೇ ಅಲ್ಲ. ಬಾಗಿಲಿನ ಸೆನ್ಸರನ್ನೇ ನೋಡಬಹುದು. ಬಾಗಿಲಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಒಂದು ರೀಡ್ ಸ್ವಿಚ್. ಅಯಸ್ಕಾಂತ ದೂರ ಸರಿದರೆ ಸ್ವಿಚ್ಚಿನ ಸ್ಥಿತಿ ಬದಲಾಗುತ್ತದೆ, ರೇಡಿಯೊ ಎಚ್ಚೆತ್ತು ಸುದ್ದಿ ಕಳಿಸುತ್ತದೆ. ಸುದ್ದಿ ಬರಲಿಲ್ಲವೆಂದರೆ ಬಾಗಿಲು ತೆರೆದೇ ಇಲ್ಲದಿರಬಹುದು. ತೆರೆದರೂ ಸಂದೇಶ ದಾರಿಯಲ್ಲಿ ವೈ-ಫೈ ಗದ್ದಲಕ್ಕೆ ಸಿಕ್ಕಿ ಕಳೆದುಹೋಗಿರಬಹುದು. ಸಂದೇಶವನ್ನು ಮುಂದಕ್ಕೆ ದಾಟಿಸಬೇಕಾದ ರೂಟರಿನ ಪ್ಲಗ್ಗನ್ನು ಯಾರೋ ಕಿತ್ತಿರಬಹುದು. ಸೆನ್ಸರಿನ ಬ್ಯಾಟರಿಯೇ ಸತ್ತಿರಬಹುದು. ಸ್ವೀಕರಿಸುವ ಕಡೆಯಿಂದ ನೋಡಿದರೆ ಈ ನಾಲ್ಕರಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮೊಬೈಲಿನ ಪರದೆಯ ಮೇಲೆ ಮಾತ್ರ 'ಮುಚ್ಚಿದೆ' ಎಂಬ ಮಾತು ನಿಶ್ಚಿಂತೆಯಿಂದ ಕೂತಿರುತ್ತದೆ.

ಅಭಾವದ, ಅಂದರೆ ಇಲ್ಲದಿರುವಿಕೆಯ, ಅರಿವಿನ ಬಗ್ಗೆ ದಾರ್ಶನಿಕರಲ್ಲಿ ಒಮ್ಮತವಿಲ್ಲ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ತಿಳಿಯುವುದು ಹೇಗೆ ಎಂಬುದು ಈ ಚರ್ಚೆಯ ಸಾಂಪ್ರದಾಯಿಕ ಉದಾಹರಣೆ. ಏಳನೆಯ ಶತಮಾನದ ಕುಮಾರಿಲ ಭಟ್ಟನನ್ನು ಅನುಸರಿಸುವ ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನೇ, ಆರನೆಯ ಪ್ರಮಾಣವೆಂದು, ಎಂದರೆ ಅರಿವಿನ ಸಾಧನವೆಂದು, ಒಪ್ಪಿದರು. ಅದ್ವೈತಿಗಳೂ ಇದನ್ನು ಸ್ವೀಕರಿಸಿದರು. ಮೀಮಾಂಸೆಯ ಇನ್ನೊಂದು ಶಾಖೆಯವರಾದ ಪ್ರಾಭಾಕರರು ನಿರಾಕರಿಸಿದರು. ನೈಯಾಯಿಕರ ಪ್ರಕಾರ ಅಭಾವವೂ ಪ್ರತ್ಯಕ್ಷಕ್ಕೇ ಗೋಚರ, ಕಾಣದಿರುವಿಕೆ ಅದಕ್ಕೆ ಸಹಕಾರಿ ಅಷ್ಟೆ. ಬೌದ್ಧ ತಾರ್ಕಿಕ ಧರ್ಮಕೀರ್ತಿ ಅದನ್ನು ಅನುಮಾನದ ಒಂದು ಹೇತುವಾಗಿ ಪರಿಗಣಿಸಿದ. ಉಡುಪಿ ಸೀಮೆಯ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರಕ್ಕೇ ನಿಂತರು. ಅವರ ಮತದಲ್ಲಿ ಅನುಪಲಬ್ಧಿ ಪ್ರತ್ಯೇಕ ಪ್ರಮಾಣವಲ್ಲ.

ಸೆನ್ಸರಿನ ಮೌನವನ್ನು ಶಬ್ದಪ್ರಮಾಣವೆಂದು ಎಣಿಸುವ ದಾರಿಯೂ ಇದೆ. ಸುಮ್ಮನಿದ್ದರೆ ಬದಲಾವಣೆಯಿಲ್ಲ ಎಂದು ಅರ್ಥ ಎಂಬ ಒಪ್ಪಂದ ಮೊದಲೇ ಆಗಿರುವುದರಿಂದ ಮೌನವೂ ಒಂದು ಮಾತು ಎಂಬುದು ಇದರ ವಾದ. ಈ ವಾದ ನಿಲ್ಲುವುದಿಲ್ಲ. ಶಬ್ದ ಪ್ರಮಾಣವಾಗಬೇಕಾದರೆ ನಂಬಲರ್ಹನಾದ ಆಪ್ತನೊಬ್ಬ ಹೇಳಬೇಕು ಎಂಬುದು ನ್ಯಾಯಸೂತ್ರದ ಲಕ್ಷಣ. ಬ್ಯಾಟರಿ ಸತ್ತ ಸೆನ್ಸರಿನ ಮೌನದ ಹಿಂದೆ ಹೇಳುವವರೇ ಇಲ್ಲ.

ಇಷ್ಟು ಭಿನ್ನಾಭಿಪ್ರಾಯದ ನಡುವೆಯೂ ಒಂದು ನಿಬಂಧನೆಯನ್ನು ಭಾಟ್ಟರು, ನೈಯಾಯಿಕರು, ಧರ್ಮಕೀರ್ತಿ ಎಲ್ಲರೂ ತಮ್ಮ ತಮ್ಮ ಪರಿಭಾಷೆಯಲ್ಲಿ ಮುಂದಿಡುತ್ತಾರೆ. ಅದು ಯೋಗ್ಯತೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲ ಎಂದರೆ ಗಡಿಗೆ ಇಲ್ಲ ಎಂದಾಗುವುದಿಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿಯಲ್ಲಿ ಕಾಣದೆ ಹೋದರೆ ಮಾತ್ರ ಅಭಾವ ಸಿದ್ಧವಾಗುತ್ತದೆ. ಸೆನ್ಸರ್ ಜಾಲದಲ್ಲಿ ಈ ನಿಬಂಧನೆ ಹೀಗಾಗುತ್ತದೆ: ಬಾಗಿಲು ತೆರೆದಿದ್ದರೆ ಸುದ್ದಿ ಬಂದೇ ಬರುತ್ತಿತ್ತು ಎನ್ನುವಂತಿದ್ದಾಗ ಮಾತ್ರ ಮೌನಕ್ಕೆ ಬೆಲೆ.

ಜಾಲದ ವಿನ್ಯಾಸದಲ್ಲಿ ಹಲವು ಏರ್ಪಾಡುಗಳು ಈ ಯೋಗ್ಯತೆಯನ್ನು ಕಟ್ಟುವ ಕೆಲಸವನ್ನೇ ಮಾಡುತ್ತವೆ. 802.15.4ರಲ್ಲಿ ಸ್ವೀಕೃತಿ ಕೇಳಿ ಕಳಿಸಿದ ಪ್ಯಾಕೆಟ್ಟಿಗೆ ಉತ್ತರ ಬಾರದಿದ್ದರೆ ಅದನ್ನು ಮತ್ತೆ ಕಳಿಸಲಾಗುತ್ತದೆ. ಪ್ಯಾಕೆಟ್ಟಿಗೆ ಕ್ರಮಸಂಖ್ಯೆ ಇದ್ದರೆ ನಡುವೆ ಒಂದು ತಪ್ಪಿದ್ದು ಆಮೇಲಾದರೂ ಗೊತ್ತಾಗುತ್ತದೆ. ಜಿಗ್‌ಬೀಯಲ್ಲಿ ವರದಿಗೆ ಗರಿಷ್ಠ ಅವಧಿಯೊಂದನ್ನು ಗೊತ್ತುಪಡಿಸಬಹುದು. ಏನೂ ಬದಲಾಗದಿದ್ದರೂ ಆ ಅವಧಿ ಮುಗಿದಾಗ ಸೆನ್ಸರ್ ಒಮ್ಮೆ ತನ್ನ ಸ್ಥಿತಿಯನ್ನು ಹೇಳಲೇಬೇಕು. ಈ ಹಾಜರಿ ಬಂದರೆ ಸೆನ್ಸರ್ ಬದುಕಿದೆ, ದಾರಿ ತೆರೆದಿದೆ ಎಂದು ಒಟ್ಟಿಗೆ ತಿಳಿಯುತ್ತದೆ.

ಹಾಜರಿಗೂ ಮಿತಿಯಿದೆ. ಗಂಟೆಗೊಮ್ಮೆ ಹಾಜರಿ ಹೇಳುವ ಸೆನ್ಸರ್ ಹತ್ತು ಗಂಟೆಗೆ ಮಾತಾಡಿ ಹತ್ತೂಕಾಲಿಗೆ ಸತ್ತರೆ, ಅದು ತಿಳಿಯುವುದು ಬೇಗವೆಂದರೂ ಹನ್ನೊಂದಕ್ಕೆ. ಒಂದು ಹಾಜರಿ ತಪ್ಪಿದ ಮಾತ್ರಕ್ಕೆ ಸತ್ತಿತೆಂದು ಸಾರಿದರೆ ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ. ಎರಡು ಮೂರು ತಪ್ಪುವವರೆಗೆ ಕಾದರೆ ಅಜ್ಞಾನದ ಅವಧಿ ಬೆಳೆಯುತ್ತದೆ. ಹಾಜರಿಯನ್ನು ನಿಮಿಷಕ್ಕೊಮ್ಮೆ ಮಾಡಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಶಾಸ್ತ್ರದ ಉದಾಹರಣೆಯಲ್ಲಿ ಬರಿ ನೆಲವನ್ನು ನೋಡುವ ಕಣ್ಣಿಗೆ ಖರ್ಚಿನ ಪ್ರಶ್ನೆ ಬರುವುದಿಲ್ಲ. ಇಲ್ಲಿ ಯೋಗ್ಯತೆಯನ್ನು ಮಿಲಿಆಂಪ್-ಗಂಟೆಗಳ ಲೆಕ್ಕದಲ್ಲಿ ಕೊಳ್ಳಬೇಕಾಗುತ್ತದೆ.

ಇನ್ನೊಂದು ತೊಡಕು ಉಳಿಯುತ್ತದೆ. ಹಾಜರಿ ಹೇಳುವ ಸೆನ್ಸರಿನ ರೀಡ್ ಸ್ವಿಚ್ಚೇ ಅಂಟಿಕೊಂಡಿದ್ದರೆ? ಯೋಗ್ಯತೆಯನ್ನು ಖಚಿತಪಡಿಸಲು ಮತ್ತೊಂದು ಪ್ರಮಾಣ, ಅದಕ್ಕೆ ಇನ್ನೊಂದು ಎಂದು ಹೊರಟರೆ ಅನವಸ್ಥೆ, ಅಂದರೆ ಕೊನೆಯಿಲ್ಲದ ಸರಣಿ, ಬರುತ್ತದೆ. ಮೀಮಾಂಸಕರ ಸ್ವತಃಪ್ರಾಮಾಣ್ಯವಾದದಲ್ಲಿ ಅರಿವು ತಾನಾಗಿಯೇ ಪ್ರಮಾಣ, ಬಾಧಕ ಕಂಡಾಗ ಮಾತ್ರ ಅದನ್ನು ಕೈಬಿಡಬೇಕು. ನೈಯಾಯಿಕರಿಗೆ ಅರಿವಿನ ಪ್ರಾಮಾಣ್ಯ ತಿಳಿಯುವುದು ಹೊರಗಿನಿಂದ, ಅದನ್ನು ನಂಬಿ ಮಾಡಿದ ಕೆಲಸ ಫಲಿಸಿದಾಗ. ಬಳಕೆಯಲ್ಲಿ ಎರಡೂ ಬೇಕಾಗುತ್ತವೆ. ದಿನನಿತ್ಯ ಸೆನ್ಸರನ್ನು ನಂಬದೆ ಗತಿಯಿಲ್ಲ. ಆಗಾಗ ಬಾಗಿಲನ್ನು ಕೈಯಾರೆ ತೆರೆದು ಸುದ್ದಿ ಬರುತ್ತದೆಯೇ ಎಂದು ಪರೀಕ್ಷಿಸದೆಯೂ ಗತಿಯಿಲ್ಲ.

ಹಾಗಾಗಿ ಕಡಿಮೆ ವಿದ್ಯುತ್ತಿನ ಜಾಲದಲ್ಲಿ ಮೌನ ಪ್ರಮಾಣವಾಗಬಲ್ಲದು, ಆದರೆ ಯೋಗ್ಯತೆಯ ನಿಬಂಧನೆಯೊಳಗೆ ಮಾತ್ರ. ಆ ನಿಬಂಧನೆ ಮುರಿದ ಮೇಲೆ ಉಳಿಯುವುದು ಸಂಶಯ. ನ್ಯಾಯದರ್ಶನ ತನ್ನ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೂ ಒಂದು ಸ್ಥಾನ ಕೊಟ್ಟಿದೆ. ಸೆನ್ಸರ್ ವ್ಯವಸ್ಥೆಗಳೂ 'ತೆರೆದಿದೆ', 'ಮುಚ್ಚಿದೆ' ಎಂಬವುಗಳ ಪಕ್ಕದಲ್ಲಿ 'ಗೊತ್ತಿಲ್ಲ' ಎಂಬ ಮೂರನೆಯ ಸ್ಥಿತಿಯನ್ನು, ಕೊನೆಯ ಸಂದೇಶ ಬಂದ ಹೊತ್ತಿನೊಂದಿಗೆ, ತೋರಿಸಬೇಕು.